ರೋಗಿಯ ಹಾಸಿಗೆಯ ಬಳಿ ಬೇಕಾಗುವ ಕನ್ನಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಗಡಿನಾಡಿನ ಕನ್ನಡದ ಸ್ಥಿತಿಗತಿಯ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾಗುವ ಪತ್ರಗಳನ್ನು ನಾನು ಹೈಸ್ಕೂಲಿನ ದಿನಗಳಿಂದ ಓದುತ್ತ ಬಂದಿದ್ದೇನೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವುದು, ಸರಕಾರಿ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆ ಸಿಗದಿರುವುದು, ಊರಿನ ಹೆಸರು ಬೋರ್ಡಿನಲ್ಲಿ ಬೇರೆಯಾಗಿ ಕಾಣಿಸಿಕೊಳ್ಳುವುದು, ಇವೆಲ್ಲ ನಮ್ಮ ಮನೆಯ ಮಾತುಕತೆಯಲ್ಲೂ ಬಂದುಹೋಗುವ ಸಂಗತಿಗಳೇ. ಆದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಉಳಿದುಕೊಂಡಿರುವ ಇನ್ನೊಂದು ಜಾಗವಿದೆ. ಅದರ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಅದು ನಮ್ಮಂಥ ಚಿಕ್ಕ ಕ್ರೈಸ್ತ ಸಭೆಗಳ ಭಾನುವಾರದ ಆರಾಧನೆ ಮತ್ತು ಆ ಆರಾಧನೆಯ ಮುಂದುವರಿಕೆಯಾಗಿ ರೋಗಿಯ ಹಾಸಿಗೆಯ ಬಳಿ, ಸಾವಿನ ಮನೆಯ ಅಂಗಳದಲ್ಲಿ ನಡೆಯುವ ಪ್ರಾರ್ಥನೆ. ಸಭಾಪಾಲಕನಾಗಲು ಮಂಗಳೂರಿನಲ್ಲಿ ಓದುತ್ತಿರುವ ಸೆಮಿನರಿ ವಿದ್ಯಾರ್ಥಿ ನಾನು. ನನ್ನ ದಿನಚರಿಯಲ್ಲಿ ಈ ಭಾಷೆಯ ಪ್ರಶ್ನೆ ಹೇಗೆ ಎದುರಾಗುತ್ತಿದೆ ಎಂಬುದನ್ನು ತಮ್ಮ ಓದುಗರ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಮನೆ ಮಂಜೇಶ್ವರ ತಾಲೂಕಿನ ಒಳಭಾಗದಲ್ಲಿದೆ. ಮನೆಯೊಳಗೆ ತುಳು, ಅಂಗಡಿಯಲ್ಲಿ ಮಲಯಾಳ, ಆಚೆ ಮನೆಯವರೊಡನೆ ಬ್ಯಾರಿ, ಗುಡ್ಡೆಯ ಕೆಳಗಿನವರೊಡನೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇದು ಕಾಸರಗೋಡಿನವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಆದರೆ ನಮ್ಮ ಪ್ರಾರ್ಥನೆ ಮಾತ್ರ ಮೊದಲಿನಿಂದಲೂ ಕನ್ನಡದಲ್ಲಿ. ಅಡುಗೆ ಮನೆಯಲ್ಲಿ ತುಳುವಿನಲ್ಲೇ ಗದರುವ ನನ್ನ ತಾಯಿ, ಸಂಜೆ ದೀಪ ಹಚ್ಚಿದ ಮೇಲೆ ಬೈಬಲ್ ತೆರೆದು ಕುಳಿತರೆ ಕನ್ನಡಕ್ಕೆ ತಿರುಗುತ್ತಾರೆ. ಆಗ ಅವರ ಧ್ವನಿಯೂ ಸ್ವಲ್ಪ ತಗ್ಗುತ್ತದೆ. ಚಿಕ್ಕವನಿದ್ದಾಗ ದೇವರಿಗೆ ಕನ್ನಡ ಮಾತ್ರ ಗೊತ್ತು ಎಂದೇ ನಾನು ತಿಳಿದಿದ್ದೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಬಂದಿದ್ದರೂ, ತುಳು ಗೀತೆಗಳನ್ನು ನಾವು ಹಾಡುತ್ತಿದ್ದರೂ, ನಮ್ಮ ಹಿರಿಯರ ಕೈಗೆ ಬಂದ ಬೈಬಲ್ಲು, ಆರಾಧನಾ ಕ್ರಮದ ಪುಸ್ತಕ, ಮದುವೆಯ ಮತ್ತು ಸಮಾಧಿಯ ವಿಧಿಗಳು ಹೆಚ್ಚಾಗಿ ಕನ್ನಡದಲ್ಲಿದ್ದವು. ಹೀಗೆ ನಾಲ್ಕೈದು ತಲೆಮಾರುಗಳು ಹುಟ್ಟಿನಿಂದ ಸಾವಿನವರೆಗಿನ ಎಲ್ಲ ಗಂಭೀರ ಮಾತುಗಳನ್ನೂ ಕನ್ನಡದಲ್ಲೇ ಆಡಿಕೊಂಡು ಬಂದವು.

ನಾನು ಈ ದಾರಿಗೆ ಬಂದದ್ದಕ್ಕೂ ಈ ಭಾಷೆಗೂ ಸಂಬಂಧವಿದೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದ ದಿನಗಳನ್ನು ಈ ಭಾಗದವರು ಯಾರೂ ಮರೆತಿರಲಾರರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿಕೊಂಡಿದ್ದ ನಮ್ಮವರು ರಸ್ತೆಗೆ ಸುರಿದ ಮಣ್ಣಿನ ರಾಶಿಯ ಈಚೆ ನಿಂತುಬಿಟ್ಟರು. ನನ್ನ ಅಜ್ಜಿಯ ಅಣ್ಣ ಅದಕ್ಕೆ ಮೊದಲೇ ಮಂಗಳೂರಿನಲ್ಲಿ ಆಸ್ಪತ್ರೆ ಸೇರಿದ್ದರು. ಅಜ್ಜಿ ಈ ಕಡೆ ಉಳಿದರು. ಒಂದು ರಾತ್ರಿ ಅಣ್ಣನ ಸ್ಥಿತಿ ಕೆಟ್ಟಿದೆ ಎಂದು ಅಲ್ಲಿದ್ದ ಸಂಬಂಧಿಕರು ಫೋನ್ ಮಾಡಿದಾಗ, ಅಜ್ಜಿ ಚಾವಡಿಯ ಬೆಂಚಿನ ಮೇಲೆ ಕುಳಿತು, ಫೋನನ್ನು ಎರಡೂ ಕೈಗಳಲ್ಲಿ ಹಿಡಿದು, ಬೈಬಲ್ಲಿನ ಒಂದು ಕೀರ್ತನೆಯನ್ನು ಪೂರ್ತಿಯಾಗಿ ಹೇಳಿದರು. ಪುಸ್ತಕ ತೆರೆಯಲಿಲ್ಲ, ಕನ್ನಡಕ ಹಾಕಿಕೊಳ್ಳಲಿಲ್ಲ. ಅಣ್ಣನೊಡನೆ ಆಯುಷ್ಯವಿಡೀ ತುಳುವಿನಲ್ಲಿ ಮಾತಾಡಿದವರು ಅವರು. ಆ ಹೊತ್ತಿನಲ್ಲಿ ಮಾತ್ರ ಕನ್ನಡದಲ್ಲಿ ಹೇಳಿದರು, ಕೇಳಿದ ಅಣ್ಣನೂ ಕೊನೆಯಲ್ಲಿ ಆಮೆನ್ ಎಂದರಂತೆ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಆ ಗಳಿಗೆಯಲ್ಲಿ ಕೊಡಬಹುದಾದದ್ದನ್ನು ಅಜ್ಜಿ ಕೊಟ್ಟರು ಎಂದು ಅನ್ನಿಸಿತು. ಅದನ್ನು ಕೊಡುವ ಕೆಲಸಕ್ಕೆ ನಾನೂ ತಯಾರಾಗಬೇಕು ಎಂಬ ಯೋಚನೆ ಹುಟ್ಟಿದ್ದು ಅಲ್ಲಿ.

ಸೆಮಿನರಿ ಎಂದರೆ ಲೋಕದಿಂದ ದೂರ ಕುಳಿತು ಧ್ಯಾನ ಮಾಡುವ ಸ್ಥಳವೆಂದು ಕೆಲವರು ಭಾವಿಸುತ್ತಾರೆ. ಇನ್ನು ಕೆಲವರ ಅನುಮಾನ ಬೇರೆ ತರಹದ್ದು. ಇಬ್ಬರಿಗೂ ನಮ್ಮ ದಿನ ಹೇಗಿರುತ್ತದೆಂದು ಹೇಳಿದರೆ ಸಾಕೆನಿಸುತ್ತದೆ. ಬೆಳಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತದೆ. ಅರ್ಧ ಗಂಟೆ ಮೌನವಾಗಿ ಓದು, ಪ್ರಾರ್ಥನೆ. ಆಮೇಲೆ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಪಾಳಿಯಲ್ಲಿದ್ದವರು ಅಡುಗೆಯವರಿಗೆ ತೆಂಗಿನಕಾಯಿ ತುರಿದುಕೊಡುವುದು. ಚಾಪೆಲಿನಲ್ಲಿ ಬೆಳಗಿನ ಆರಾಧನೆಯನ್ನು ವಿದ್ಯಾರ್ಥಿಗಳೇ ಸರದಿಯಂತೆ ನಡೆಸಬೇಕು. ಹಾಡುವ ಗೀತೆಗಳಲ್ಲಿ ಕೆಲವಕ್ಕೆ ಜರ್ಮನ್ ರಾಗ, ಕೆಲವಕ್ಕೆ ನಮ್ಮದೇ ರಾಗ ತಾಳ, ಎರಡಕ್ಕೂ ಹಾರ್ಮೋನಿಯಂ ಒಂದೇ. ಮತ್ತೆ ಮಧ್ಯಾಹ್ನದವರೆಗೆ ತರಗತಿಗಳು: ಹಳೆಯ ಒಡಂಬಡಿಕೆ, ಸಭಾ ಇತಿಹಾಸ, ಇತರ ಧರ್ಮಗಳ ಅಧ್ಯಯನ, ಗ್ರೀಕ್, ಹೀಬ್ರೂ. ಕುಚ್ಚಲಕ್ಕಿ ಅನ್ನ, ಸಾರು, ವಾರದಲ್ಲಿ ಕೆಲವು ದಿನ ಮೀನು. ಸಂಜೆ ಆಟ, ರಾತ್ರಿ ಓದು. ಶನಿವಾರ ಬಂದರೆ ಚೀಲದಲ್ಲಿ ಒಂದು ಬಿಳಿ ಅಂಗಿ, ಬೈಬಲ್ಲು, ಗೀತೆ ಪುಸ್ತಕ ಹಾಕಿಕೊಂಡು ನಮಗೆ ಗೊತ್ತುಮಾಡಿದ ಸಭೆಗಳಿಗೆ ಹೊರಡುತ್ತೇವೆ. ನನ್ನ ಪಾಲಿಗೆ ಬಂದದ್ದು ಗಡಿಯ ಈಚೆಗಿನ ಸಭೆ. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿ ತೊಕ್ಕೊಟ್ಟು, ತಲಪಾಡಿ ದಾಟಿ ಹೊಸಂಗಡಿಯಲ್ಲಿ ಇಳಿಯುವಷ್ಟರಲ್ಲಿ ಅಂಗಡಿಗಳ ಬೋರ್ಡಿನ ಲಿಪಿ ಬದಲಾಗಿರುತ್ತದೆ. ನನ್ನ ಪ್ರಸಂಗದ ಟಿಪ್ಪಣಿ ಮಾತ್ರ ಕನ್ನಡದಲ್ಲೇ ಇರುತ್ತದೆ.

ಪ್ರಸಂಗ ಎಂಬ ಪದದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಭಾನುವಾರ ಬೋಧಕರು ಮಾಡುವ ಉಪದೇಶಕ್ಕೆ ನಮ್ಮ ಸಭೆಗಳಲ್ಲಿ ಪ್ರಸಂಗ ಎನ್ನುತ್ತೇವೆ. ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗವೆಂದರೆ ಯಕ್ಷಗಾನದ್ದೇ. ನಮ್ಮ ಪಕ್ಕದ ಮನೆಯ ಹಿರಿಯರು, ಊರಿನ ಆಟಗಳನ್ನು ಒಂದೂ ಬಿಡದವರು, ಭಾನುವಾರ ಬೆಳಗ್ಗೆ ನಾನು ಹೊರಟಾಗ "ಇವತ್ತು ಯಾವ ಪ್ರಸಂಗ?" ಎಂದು ಕೇಳುತ್ತಾರೆ. ದಾರಿ ತಪ್ಪಿದ ಮಗನ ಕಥೆಯೆಂದರೆ ನಿಂತು ಪೂರ್ತಿ ಕೇಳುತ್ತಾರೆ, ಅಣ್ಣನ ಪಾತ್ರಕ್ಕೆ ಮಾತು ಇನ್ನೂ ಇರಬೇಕಿತ್ತು ಎಂದು ತಿದ್ದುತ್ತಾರೆ. ಅರ್ಥಗಾರಿಕೆ ಬಲ್ಲವರ ತಿದ್ದುಪಡಿ ಅದು. ನಾನು ಅದನ್ನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಒಂದು ಪದ ಇಬ್ಬರ ನಡುವೆ ಹೀಗೆ ಸೇತುವೆಯಾಗುವುದು ಇಬ್ಬರಿಗೂ ಒಂದೇ ಭಾಷೆ ಇರುವುದರಿಂದ.

ಇನ್ನು ಓದಿನ ವಿಷಯ. ನಮ್ಮಲ್ಲಿ ಬ್ಯಾಚಲರ್ ಆಫ್ ಡಿವಿನಿಟಿ ಪದವಿಯನ್ನು ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. 1818ರಲ್ಲಿ ಆರಂಭವಾಗಿ 1827ರಲ್ಲಿ ಡೆನ್ಮಾರ್ಕಿನ ರಾಜನ ಸನ್ನದಿನಿಂದ ಪದವಿ ನೀಡುವ ಅಧಿಕಾರ ಪಡೆದ ಸಂಸ್ಥೆ ಅದು. ನಾನು ಓದುವಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅಡ್ಡಿಯಿಲ್ಲ, ಪಾಠ ಮಾಡುವ ಗುರುಗಳಲ್ಲಿ ಹಲವರು ಒಳ್ಳೆಯ ಕನ್ನಡಿಗರು. ಆದರೆ ಓದಬೇಕಾದ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನವು. ಮರಣಶಯ್ಯೆಯಲ್ಲಿರುವವರ ಆರೈಕೆಯ ಬಗ್ಗೆ ಪರೀಕ್ಷೆಗೆ ಒಂದು ಇಡೀ ಪತ್ರಿಕೆಯಿದೆ. ಅದಕ್ಕೆ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿದ್ದು ಹಿಂದಿನ ವಿದ್ಯಾರ್ಥಿಗಳು ಬರೆದಿಟ್ಟ ನೋಟ್ಸುಗಳ ನಕಲು ಮಾತ್ರ. ಪರೀಕ್ಷೆ ಮುಗಿಸುವುದಕ್ಕೆ ಅಷ್ಟು ಸಾಕು. ತೊಂದರೆ ಕಾಣಿಸುವುದು ಶನಿವಾರ, ಹಾಸಿಗೆಯ ಪಕ್ಕ ಕುಳಿತಾಗ.

ಗ್ರೀಕ್ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಯೋಹಾನನ ಸುವಾರ್ತೆಯಲ್ಲಿ ಪವಿತ್ರಾತ್ಮನಿಗೆ ಪರಾಕ್ಲೇತೋಸ್ ಎಂಬ ಹೆಸರು ಬರುತ್ತದೆ. ಬಿಡಿಸಿ ನೋಡಿದರೆ ಪಕ್ಕಕ್ಕೆ ಕರೆಸಿಕೊಂಡವನು ಎಂದು ಅರ್ಥ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಸಹಾಯಕ ಎಂದಿದೆ. ಮಲಯಾಳದಲ್ಲಿ ಕಾರ್ಯಸ್ಥನ್ ಎಂದಿದೆ. ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡುತ್ತಿದ್ದಾಗ ನನಗೆ ನಮ್ಮೂರಿನ ಮಾತು ನೆನಪಾಯಿತು. ಕಷ್ಟದ ಮನೆಗೆ ಯಾರಾದರೂ ಹೋದರೆ "ಅವರು ಬಂದು ಪಕ್ಕದಲ್ಲಿ ಕೂತರು" ಎಂದು ಹೇಳುತ್ತೇವೆ. ಏನು ಮಾಡಿದರು, ಏನು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ, ಪಕ್ಕದಲ್ಲಿ ಕೂತದ್ದೇ ಮುಖ್ಯ. ಇಂಗ್ಲಿಷ್ ವ್ಯಾಖ್ಯಾನದ ಹತ್ತು ಪುಟಗಳಲ್ಲಿ ಸಿಗದ ಸ್ಪಷ್ಟತೆ ಆ ಒಂದು ವಾಕ್ಯದಲ್ಲಿ ಸಿಕ್ಕಿತು. ಇದನ್ನು ಕನ್ನಡದ ಹೆಗ್ಗಳಿಕೆ ಹೇಳಲು ಬರೆಯುತ್ತಿಲ್ಲ. ದೇವರ ವಿಷಯವನ್ನು ಮನುಷ್ಯ ತನ್ನ ಮಾತಿನಲ್ಲಿ ಯೋಚಿಸಿದಾಗಲೇ ಅದು ಅವನ ಬದುಕಿಗೆ ಇಳಿಯುತ್ತದೆ ಎಂಬುದು ನನ್ನ ಅನುಭವ. ಅಷ್ಟನ್ನು ತರಗತಿಯಲ್ಲಿ ಅರಿತುಕೊಂಡಿದ್ದೇನೆಂದು ನಂಬಿದ್ದ ನನಗೆ ನಿಜವಾದ ಪಾಠವಾದದ್ದು ಪೈವಳಿಕೆಯ ಕಡೆಯ ಒಂದು ಮನೆಯಲ್ಲಿ.

ಅಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದರು. ಆಯುಷ್ಯವಿಡೀ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಮಾತು ಕಡಿಮೆಯಾಗಿತ್ತು, ಆದರೆ ಹೊದಿಕೆಯ ಮೇಲಿಟ್ಟ ಬೆರಳುಗಳು ಆಗಾಗ ತಾವಾಗಿಯೇ ಎಲೆಯನ್ನು ಸುರುಳಿ ಸುತ್ತುವ ಹಾಗೆ ಆಡುತ್ತಿದ್ದವು; ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳಿ, ತುದಿಯನ್ನು ಒಳಗೆ ಮಡಚಿ, ಮತ್ತೆ ಮೊದಲಿನಿಂದ. ಮಂಚದ ಕೆಳಗೆ ಹಳೆಯ ಮೊರ ಇನ್ನೂ ಇತ್ತು. ನಾನು ಮೊದಲ ವರ್ಷದ ವಿದ್ಯಾರ್ಥಿ, ಸಭಾಪಾಲಕರಾದ ಅಯ್ಯನವರು ಬೇರೆ ಮನೆಗೆ ಹೋಗಿದ್ದರಿಂದ ಒಬ್ಬನೇ ಬಂದಿದ್ದೆ. ಆ ವಾರ ಓದಿದ ಪಾಠ ತಲೆಯಲ್ಲಿ ತುಂಬಿತ್ತು. ಕಣ್ಣು ಮುಚ್ಚಿ ಪ್ರಾರ್ಥನೆ ಆರಂಭಿಸಿದವನು ದೇವರ ಸಾರ್ವಭೌಮತ್ವ, ಮಾನವ ಅಸ್ತಿತ್ವದ ನಶ್ವರತೆ, ಸಂಕಟದ ಅರ್ಥಪೂರ್ಣತೆ ಎಂದೆಲ್ಲ ಹೇಳುತ್ತ ಹೋದೆ. ಪದಗಳೆಲ್ಲ ಕನ್ನಡದವೇ, ಆದರೆ ಇಂಗ್ಲಿಷ್ ಪುಸ್ತಕದ ಸಾಲುಗಳನ್ನು ಮನಸ್ಸಿನಲ್ಲೇ ಮಗುಚಿ ಹಾಕಿದವು. ಅಜ್ಜಿ ತಾಳ್ಮೆಯಿಂದ ಕಾದರು. ನಾನು ಆಮೆನ್ ಎಂದ ಮೇಲೆ ಕಣ್ಣು ತೆರೆದು, "ಆಯ್ತು ಮಗಾ, ಇನ್ನು ಆ ಕುರುಬನ ಕೀರ್ತನೆ ಒಂದು ಹೇಳು" ಎಂದರು.

ಇಪ್ಪತ್ತಮೂರನೆಯ ಕೀರ್ತನೆ. ನಾನು ಫೋನಿನಲ್ಲಿ ಹುಡುಕಿ ಓದತೊಡಗಿದೆ. ಅಜ್ಜಿ ನನಗಿಂತ ಒಂದು ಮಾತು ಮುಂದೆಯೇ ಇದ್ದರು. ನಾನು ಓದುವುದನ್ನು ಅವರು ಹಿಂಬಾಲಿಸುತ್ತಿರಲಿಲ್ಲ, ಅವರು ಹೇಳುವುದನ್ನು ನಾನು ಹಿಂಬಾಲಿಸುತ್ತಿದ್ದೆ. ಹಸಿರು ಹುಲ್ಲಿನ ಜಾಗಕ್ಕೆ ಬಂದಾಗ ಬೆರಳುಗಳು ಆಡುವುದು ನಿಂತಿತು. ಎರಡನೆಯ ತರಗತಿಗೆ ಶಾಲೆ ಬಿಟ್ಟವರು ಅವರು, ಭಾನುವಾರದ ಶಾಲೆಯಲ್ಲಿ ಆ ಕೀರ್ತನೆಯನ್ನು ಬೆರಳಿಟ್ಟು ಓದುತ್ತ ಓದುತ್ತ ಅಕ್ಷರಗಳನ್ನು ಗಟ್ಟಿಮಾಡಿಕೊಂಡೆ ಎಂದು ಆಮೇಲೆ ಹೇಳಿದರು. ನಾನು ಹೊರಡುವಾಗ ಸೊಸೆ ಕೊಟ್ಟ ಬೆಲ್ಲದ ಕಾಫಿ ಕುಡಿದೆ. ಅಷ್ಟು ಸಾಲದೆಂದು ಅಜ್ಜಿ ಸೊಸೆಯನ್ನು ಕರೆದು ಬಾಳೆಹಣ್ಣು ಕೊಡಿಸಿದರು. ಬಸ್ಸಿನಲ್ಲಿ ಕುಳಿತು ನಾನು ಅತ್ತದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವರಿಗೆ ಬೇಕಾದದ್ದು ನನ್ನ ಮನೆಯಲ್ಲೇ ಇತ್ತು, ನನ್ನ ಸ್ವಂತ ಅಜ್ಜಿ ಅದನ್ನು ಫೋನಿನಲ್ಲಿ ಹೇಳಿದ್ದನ್ನು ಕಂಡೇ ನಾನು ಸೆಮಿನರಿಗೆ ಬಂದಿದ್ದೆ, ಆದರೂ ಹೇಳಬೇಕಾದ ಹೊತ್ತಿನಲ್ಲಿ ಅದು ನನ್ನ ಬಾಯಿಗೆ ಬಂದಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಕುರಿಮಂದೆ ಇಲ್ಲ. ಆ ಅಜ್ಜಿ ದನ ಮೇಯಿಸಿದವರು, ಆಡು ಸಾಕಿದವರು. ಕಂಬಳಿ ಹೊದ್ದು ನೂರಾರು ಕುರಿಗಳ ಹಿಂದೆ ನಡೆಯುವ ಕುರುಬನನ್ನು ಕಣ್ಣಾರೆ ಕಂಡವರಲ್ಲ. ಕನ್ನಡದ ಮೊದಲ ಪೂರ್ಣ ಬೈಬಲ್ ಸಿದ್ಧವಾದದ್ದು 1830ರ ಆಸುಪಾಸಿನಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ. ಆ ಸೀಮೆಯಲ್ಲಿ ಕುರಿಮಂದೆ ದಿನನಿತ್ಯದ ನೋಟ. ಮುಂದೆ ಹಲವು ಸಲ ಪರಿಷ್ಕಾರಗೊಂಡು ಘಟ್ಟ ಇಳಿದು ಬಂದ ಆ ಬೈಬಲ್ಲು ಬೀಡಿ ಕಟ್ಟುವ ಹೆಂಗಸೊಬ್ಬರ ಬಾಯಲ್ಲಿ ನೆಲೆ ಕಂಡಿದೆ. ಬಯಲುಸೀಮೆಯ ಕುರುಬ ಅವರಿಗೆ ಹತ್ತಿರದವನಾದದ್ದು ಎಂಬತ್ತು ವರ್ಷ ದಿನವೂ ಹೇಳಿಕೊಂಡದ್ದರಿಂದ. ಮಲಯಾಳದ ಇಡಯನ್ ಎಂಬುದೂ ಅದೇ ಅರ್ಥದ ಚೆಂದದ ಪದ. ಆದರೆ ಕೊನೆಯ ಹೊತ್ತಿನಲ್ಲಿ ಅವರಿಗೆ ಇಡಯನನ್ನು ಹೊಸದಾಗಿ ಪರಿಚಯ ಮಾಡಿಸುವ ಹಕ್ಕು ಯಾರಿಗೂ ಇಲ್ಲವೆಂದು ನನಗೆ ತೋರುತ್ತದೆ.

ಹೀಗೆ ಹೇಳಲು ಕಾರಣವಿದೆ. ಜಿಲ್ಲೆಯ ಒಂದು ಸಭೆಯಲ್ಲಿ, ಹೆಸರು ಬೇಡ, ಮೊದಲು ಪ್ರತಿ ಭಾನುವಾರ ಕನ್ನಡ ಆರಾಧನೆ ಇತ್ತು. ಅದು ತಿಂಗಳಿಗೆ ಎರಡಾಯಿತು, ಆಮೇಲೆ ಒಂದಾಯಿತು, ಈಗ ಹಬ್ಬಗಳಿಗೆ ಒಂದು ಗೀತೆ ಕನ್ನಡದಲ್ಲಿ ಹಾಡುವಲ್ಲಿಗೆ ಬಂದು ನಿಂತಿದೆ. ಸಭೆಯ ಸಮಿತಿಯಲ್ಲಿ ಈ ಮಾತು ಬಂದ ದಿನ ನಾನು ಹಿಂದಿನ ಸಾಲಿನಲ್ಲಿದ್ದೆ. ಯಾರೂ ಕನ್ನಡದ ಮೇಲೆ ದ್ವೇಷದಿಂದ ಮಾತಾಡಲಿಲ್ಲ. ಕನ್ನಡ ಆರಾಧನೆಗೆ ಬರುವವರು 15-20 ಮಂದಿ, ಅವರೆಲ್ಲರಿಗೂ ಮಲಯಾಳ ಅರ್ಥವಾಗುತ್ತದೆ, ಉದ್ಯೋಗದ ಮೇಲೆ ಬಂದ ಕುಟುಂಬಗಳಿಗೆ ಕನ್ನಡ ಅರ್ಥವಾಗುವುದಿಲ್ಲ, ಮಕ್ಕಳು ಓದುವುದು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ, ಒಂದೇ ಆರಾಧನೆಯಾದರೆ ಎಲ್ಲರೂ ಒಟ್ಟಿಗಿರಬಹುದು ಎಂಬುದು ಅವರ ವಾದ. ಲೆಕ್ಕದ ಪ್ರಕಾರ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ನನ್ನ ತಕರಾರು ಒಂದೇ: ಅರ್ಥವಾಗುವುದು ಬೇರೆ, ಬಾಯಿಗೆ ಬರುವುದು ಬೇರೆ. ಅಂಗಡಿಯಲ್ಲಿ ಮಲಯಾಳ ಮಾತಾಡಿ ಸಾಮಾನು ತರುವ ಮನುಷ್ಯ ತನ್ನ ಪಾಪವನ್ನೂ ಭಯವನ್ನೂ ದೇವರ ಮುಂದೆ ಅದೇ ಭಾಷೆಯಲ್ಲಿ ಹೇಳಿಕೊಳ್ಳುತ್ತಾನೆಂದು ಹೇಳಲಾಗದು. ಆ 15-20 ಮಂದಿಯಲ್ಲಿ ಈಗ ಅರ್ಧದಷ್ಟು ಜನ ಮನೆಯಲ್ಲೇ ಉಳಿಯುತ್ತಿದ್ದಾರೆ. ಅವರು ಸಿಟ್ಟಾಗಿಲ್ಲ, ದೂರು ಕೊಟ್ಟಿಲ್ಲ, ಬರುವುದನ್ನು ನಿಲ್ಲಿಸಿದ್ದಾರೆ.

ಮಲಯಾಳದ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ನಾನೇ ಅದನ್ನು ಓದುತ್ತೇನೆ, ಬರೆಯುತ್ತೇನೆ. ನನ್ನ ಸಂಪ್ರದಾಯದ ಹಿರಿಯರೂ ಭಾಷೆಗಳಲ್ಲಿ ಭೇದ ಮಾಡಿದವರಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದವು. ಮೂರೂ ಮಂಗಳೂರಿನ ಅದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಮಂಜೇಶ್ವರದ ಒಬ್ಬ ಮನುಷ್ಯ ದಿನಕ್ಕೆ ಆಡುವ ಮೂರು ಭಾಷೆಗಳಿಗೂ ಅಚ್ಚಿನ ಮೊಳೆ ಜೋಡಿಸಿದ ಕೈಗಳು ಒಂದೇ ಸೂರಿನ ಕೆಳಗೆ ಕೆಲಸ ಮಾಡಿದ್ದವು. ಅವರ ಉದ್ದೇಶ ಸುವಾರ್ತೆ ಸಾರುವುದೇ ಆಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಉದ್ದೇಶಕ್ಕೆ ಅವರು ಆರಿಸಿಕೊಂಡ ದಾರಿ ಜನರ ಮಾತನ್ನು ಜನರಿಗಿಂತ ಶ್ರದ್ಧೆಯಿಂದ ಕಲಿಯುವುದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವೇ ಕನ್ನಡದ ಮೊದಲ ಪತ್ರಿಕೆಯೆಂದು ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುವ ತಮಗೆ ಇದನ್ನು ನಾನು ಹೇಳಬೇಕಾಗಿಲ್ಲ. ಅಂಥ ಪರಂಪರೆಯ ಸಭೆಗಳು ಇಂದು ತಲೆ ಎಣಿಸಿ ಭಾಷೆ ಆರಿಸುವುದನ್ನು ಕಂಡರೆ ನೋವಾಗುತ್ತದೆ.

ಕನ್ನಡದ ಕಡೆಯಿಂದಲೂ ನನಗೊಂದು ನಿರೀಕ್ಷೆಯಿದೆ. ಕ್ರೈಸ್ತರ ಕನ್ನಡವನ್ನು ಪಾದ್ರಿ ಕನ್ನಡವೆಂದು ಬದಿಗಿಡುವ ರೂಢಿ ಸಾಹಿತ್ಯದ ವಲಯದಲ್ಲಿ ಈಗಲೂ ಅಲ್ಲಲ್ಲಿ ಉಳಿದಿದೆ. ನನ್ನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು ಹವ್ಯಕ ಬ್ರಾಹ್ಮಣರು, ನಿತ್ಯ ಸಂಧ್ಯಾವಂದನೆ ಮಾಡುವವರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ ಎಂಬ ಖಂಡಕಾವ್ಯ ಬರೆದಿದ್ದಾರೆಂದು ನನಗೆ ಹೇಳಿದವರು ಅವರೇ, ನಮ್ಮ ಸಭೆಯಲ್ಲಿ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ನಿಂತು ಅದರ ಒಂದಷ್ಟು ಭಾಗವನ್ನು ನನಗಾಗಿ ಓದಿದರು, ಕಷ್ಟದ ಪದಗಳನ್ನು ಬಿಡಿಸಿ ಹೇಳಿದರು, ಮುಗಿಸಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಶಿಲುಬೆಯ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದ್ದ ನಾನು ಅಂದು ಮೊದಲ ಬಾರಿ ಕೇಳಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಂದಿಗೂ ಶುಭ ಶುಕ್ರವಾರದ ಆರಾಧನೆಗೆ ಸಿದ್ಧತೆ ಮಾಡುವಾಗ ನನಗೆ ಆ ಪಂಡಿತರ ಧ್ವನಿ ಕೇಳಿಸುತ್ತದೆ.

ಸೆಮಿನರಿ ವಿದ್ಯಾರ್ಥಿಯ ಕೆಲಸ ಸ್ವಂತ ಸಭೆಯವರ ನಡುವೆಯೇ ಮುಗಿಯುವುದಿಲ್ಲ. ಕಳೆದ ವರ್ಷ ಕ್ಷೇತ್ರ ಕಾರ್ಯಕ್ಕೆಂದು ನಾವು ಕೆಲವರು ಎಣ್ಮಕಜೆಯ ಕಡೆಗೆ ಹೋಗಿದ್ದೆವು. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಫಲವನ್ನು ಇನ್ನೂ ಉಣ್ಣುತ್ತಿರುವ ಊರುಗಳವು. ಅಲ್ಲಿ ಯಾರಿಗೂ ಧರ್ಮ ಬೋಧಿಸಬಾರದು, ಕೇಳಿದರಷ್ಟೇ ಮಾತಾಡಬೇಕು ಎಂದು ನಮ್ಮ ಗುರುಗಳು ಹೊರಡುವಾಗಲೇ ಹೇಳಿದ್ದರು, ನಮಗೂ ಬೇರೆ ಇಚ್ಛೆ ಇರಲಿಲ್ಲ. ಒಂದು ಮನೆಯಲ್ಲಿ ಮೂವತ್ತು ದಾಟಿದ ಮಗನನ್ನು ಚಾಪೆಯ ಮೇಲೆ ಒರಗಿಸಿಕೊಂಡು ತಾಯಿ ಗಂಜಿ ಉಣಿಸುತ್ತಿದ್ದರು. ಒಂದು ಚಮಚ ಒಳಗೆ ಹೋಗಲು ನಾಲ್ಕೈದು ನಿಮಿಷ ಬೇಕಾಗುತ್ತಿತ್ತು. ಗಲ್ಲದ ಮೇಲೆ ಇಳಿದದ್ದನ್ನು ಅವರು ಸೆರಗಿನಿಂದ ಒರೆಸಿ, ಗಂಟಲನ್ನು ಮೆಲ್ಲನೆ ಸವರಿ, ನುಂಗಿದನೆಂದು ಖಚಿತವಾದ ಮೇಲೆ ಇನ್ನೊಂದು ಚಮಚ ತೆಗೆದುಕೊಳ್ಳುತ್ತಿದ್ದರು. ಊಟ ಮುಗಿದ ಮೇಲೆ ಅವರು ನಮ್ಮನ್ನು ಕೇಳಿದ್ದು ಒಂದೇ ಸಹಾಯ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದ ಕಾಗದಗಳನ್ನು ತಂದು, "ಇದರಲ್ಲಿ ಏನು ಬರೆದಿದೆ, ಒಂದು ಓದಿ ಹೇಳ್ತೀರಾ ತಮ್ಮಾ?" ಎಂದರು. ಎಲ್ಲವೂ ಮಲಯಾಳದಲ್ಲಿದ್ದವು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಹೇಳಿದ್ದು ಅವರಿಗೆ ಗೊತ್ತಿತ್ತು, ತಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತದೆಂಬುದು ಗೊತ್ತಿರಲಿಲ್ಲ. ನಾನು ಒಂದೊಂದನ್ನೇ ಓದಿ ಕನ್ನಡದಲ್ಲಿ ಹೇಳಿದೆ, ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಸಾರಾಂಶ ಬರೆದುಕೊಟ್ಟೆ. ಎರಡು ಗಂಟೆಯ ಕೆಲಸ. ಆ ದಿನ ರಾತ್ರಿ ಚಾಪೆಲಿನಲ್ಲಿ ಯೋಬನ ಪುಸ್ತಕದ ಭಾಗವನ್ನು ಓದುವ ಸರದಿ ನನ್ನದಾಗಿತ್ತು. ಯೋಬನ ಗೆಳೆಯರು ಬಂದ ಮೊದಲ ಏಳು ದಿನ ಏನೂ ಮಾತಾಡದೆ ಅವನ ಪಕ್ಕ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನಮ್ಮ ಗುರುಗಳು ಹೇಳುತ್ತಿರುತ್ತಾರೆ. ಆ ತಾಯಿಯ ಕಷ್ಟಕ್ಕೆ ದೇವರು ಏನು ಉತ್ತರ ಕೊಡುತ್ತಾನೆಂದು ಹೇಳುವ ಶಕ್ತಿ ನನಗಿಲ್ಲ. ಕಾಗದ ಓದಿ ಹೇಳುವ ಎರಡು ಭಾಷೆ ನನಗೆ ಕೊಟ್ಟಿದ್ದಾನೆ, ಅದಕ್ಕೆ ಕೃತಜ್ಞನಾಗಿದ್ದೇನೆ.

ಈ ಎಲ್ಲದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಗಡಿಭಾಗದ ಸಭೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಪೂರ್ಣ ಕನ್ನಡ ಆರಾಧನೆ ಇರಲಿ, ಎಷ್ಟೇ ಜನ ಬಂದರೂ ಅದು ನಿಲ್ಲದಿರಲಿ. ಮತ್ತು ಮನೆ ಭೇಟಿ, ರೋಗಿಯ ಪ್ರಾರ್ಥನೆ, ಸಮಾಧಿಯ ವಿಧಿ ಇವು ಆಯಾ ಮನೆಯವರ ಬಾಯಿಗೆ ಬರುವ ಭಾಷೆಯಲ್ಲೇ ನಡೆಯಲಿ. ಇದಕ್ಕೆ ಸಮಿತಿಯ ಠರಾವು ಬೇಕಿಲ್ಲ, ಅಯ್ಯನವರು ಬಾಗಿಲಲ್ಲಿ ಒಂದು ಮಾತು ಕೇಳಿದರೆ ಸಾಕು. ಸೆಮಿನರಿಗಳ ಬಗ್ಗೆ ಹೇಳುವುದಾದರೆ, ಗಡಿನಾಡಿಗೆ ಹೋಗುವ ವಿದ್ಯಾರ್ಥಿಗೆ ಕನ್ನಡದಲ್ಲಿ ಪ್ರಾರ್ಥಿಸುವುದನ್ನೂ ಸಾಂತ್ವನ ಹೇಳುವುದನ್ನೂ ಒಂದು ವಿಷಯವಾಗಿ ಕಲಿಸಬೇಕು, ಕಲಿಸುವವರು ಪುಸ್ತಕದವರೇ ಆಗಬೇಕಾಗಿಲ್ಲ. ಆ ಬೀಡಿಯ ಅಜ್ಜಿಯಂಥವರನ್ನು ಒಂದು ದಿನ ತರಗತಿಗೆ ಕರೆತಂದು ಕೂರಿಸಿದರೆ ನಾವು ಹತ್ತು ಪುಸ್ತಕಗಳಷ್ಟು ಕಲಿಯುತ್ತೇವೆ. ಅವರು ಈ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಸಮಾಧಿಯ ಹೊತ್ತಿಗೆ ನಾನು ಕೀರ್ತನೆಯನ್ನು ಪುಸ್ತಕವಿಲ್ಲದೆ ಹೇಳಿದೆ.

ಕೊನೆಗೆ ತಮ್ಮ ಓದುಗರಲ್ಲಿ ಒಂದು ವಿನಂತಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಳೆಯ ಕ್ರೈಸ್ತ ಮನೆಗಳ ಅಟ್ಟದ ಮೇಲೆ, ಕಬ್ಬಿಣದ ಪೆಟ್ಟಿಗೆಗಳಲ್ಲಿ ಕನ್ನಡದ ಹಳೆಯ ಗೀತೆ ಪುಸ್ತಕಗಳು, ಉಪದೇಶಿಗಳು ಕೈಯಲ್ಲಿ ಬರೆದಿಟ್ಟ ಪ್ರಸಂಗದ ನೋಟ್ ಪುಸ್ತಕಗಳು, ಹುಟ್ಟು ಸಾವಿನ ದಿನಾಂಕ ಬರೆದ ಬೈಬಲ್ಲುಗಳು ಇರುವ ಸಾಧ್ಯತೆಯಿದೆ. ಗುಜರಿಯವರಿಗೆ ತೂಕಕ್ಕೆ ಹಾಕುವ ಮೊದಲು ದಯವಿಟ್ಟು ಹತ್ತಿರದ ಸಭೆಗೆ ತಿಳಿಸಿ. ನಾವು ಮೂವರು ಸಹಪಾಠಿಗಳು ಅವುಗಳ ಪುಟಗಳನ್ನು ಫೋನಿನಲ್ಲಿ ಚಿತ್ರ ತೆಗೆದು ಜೋಡಿಸಿಡುವ ಕೆಲಸ ಆರಂಭಿಸಿದ್ದೇವೆ. ಮೂಲ ಪುಸ್ತಕ ಮನೆಯವರಲ್ಲೇ ಉಳಿಯುತ್ತದೆ. ಇದುವರೆಗೆ ಸಿಕ್ಕಿದ್ದು ಎರಡು ಗೀತೆ ಪುಸ್ತಕ, ಒಂದು ನೋಟ್ ಪುಸ್ತಕ. ನೋಟ್ ಪುಸ್ತಕದ ಅಂಚಿನಲ್ಲಿ ಆ ಉಪದೇಶಿಯವರು ತಾವು ಭೇಟಿ ಕೊಟ್ಟ ಮನೆಗಳ ಹೆಸರನ್ನೂ, ಯಾವ ಮನೆಯಲ್ಲಿ ಯಾವ ಕೀರ್ತನೆ ಓದಿದೆನೆಂಬುದನ್ನೂ ಬರೆದಿದ್ದಾರೆ. ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಾಗ ಆ ಮನೆಗಳಲ್ಲಿ ಈಗ ಯಾರಿದ್ದಾರೆಂದು ಹುಡುಕಿಕೊಂಡು ಹೋಗುತ್ತೇವೆ.

ಇತಿ,
ಒಬ್ಬ ಸೆಮಿನರಿ ವಿದ್ಯಾರ್ಥಿ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ